ಓಪನ್ ಸಿ ಟ್ಯೂನಿಂಗ್: ಒಂದು ದಪ್ಪ ತಂತಿಯಿಂದ ಇಡೀ ಗಿಟಾರ್ ಶ್ರುತಿ ಮಾಡುವ ಬಗೆ

ಗಿಟಾರ್‌ನ ಆರನೇ, ಅಂದರೆ ಅತಿ ದಪ್ಪ ತಂತಿಯನ್ನು ಇ-ಯಿಂದ ಸಿ-ಗೆ ಇಳಿಸಿ. ಗಿಟಾರ್‌ನ ಹಿಂಭಾಗ ಮೈಗೆ ತಾಗುವಂತೆ ಹಿಡಿದು, ಹೆಬ್ಬೆರಳಿನ ಮೆತ್ತನೆ ಭಾಗದಿಂದ ಒಮ್ಮೆ ಮೀಟಿ. ಸದ್ದು ಕಿವಿಗೆ ಬೀಳುವ ಹೊತ್ತಿಗೇ ಎದೆಗೂ ತಾಗುತ್ತದೆ. ಮರ ನಡುಗುವುದು ಪಕ್ಕೆಲುಬಿಗೆ ಗೊತ್ತಾಗುತ್ತದೆ. ಬರೀ ನಾಲ್ಕು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡ ಪಟ್ಟಿ) ಇಳಿಸಿದ್ದಕ್ಕೆ ಇಷ್ಟೊಂದು ಬದಲಾವಣೆಯಾ ಅನ್ನಿಸುತ್ತದೆ.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ದಪ್ಪ ಸದ್ದು ಸಿಕ್ಕಿತಲ್ಲ, ಸಾಕು ಅಂತ. ಆದರೆ ಆ ತಂತಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಇದೆ. ಮೇಲಿನ ತಂತಿಗಳ ಸ್ವರಗಳು ಅದರೊಳಗೇ ಅಡಗಿ ಕೂತಿವೆ. ಅವನ್ನು ಹೊರಗೆ ತೆಗೆಯುವುದು ಹೇಗೆ, ಅದಕ್ಕೆ ಗಿಟಾರನ್ನು ಹೇಗೆ ಅಣಿ ಮಾಡಬೇಕು, ಆಮೇಲೆ ಏನು ನುಡಿಸಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಈ ಟ್ಯೂನಿಂಗ್‌ನ ಹೆಸರು ಓಪನ್ ಸಿ. ಆರನೇ ತಂತಿಯಿಂದ ಒಂದನೇ ತಂತಿಯವರೆಗೆ ಸಿ, ಜಿ, ಸಿ, ಜಿ, ಸಿ, ಇ. ಸರಿಗಮದಲ್ಲಿ ಹೇಳಿದರೆ ಸ ಪ ಸ ಪ ಸ ಗ. ಯಾವ ಫ್ರೆಟ್ಟನ್ನೂ ಒತ್ತದೆ ಆರೂ ತಂತಿ ಎಳೆದರೆ ಸಿ ಮೇಜರ್ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬರುತ್ತದೆ. ಅಮೆರಿಕದ ಫಿಂಗರ್‌ಸ್ಟೈಲ್ ವಾದಕ ಜಾನ್ ಫೇಹಿ (1939–2001) ಇದನ್ನು ಅಕೂಸ್ಟಿಕ್ ಗಿಟಾರ್‌ನಲ್ಲಿ ಬಳಸಿದರು. ಕೆನಡಾದ ಡೆವಿನ್ ಟೌನ್ಸೆಂಡ್ ಇದರಲ್ಲೇ ಮೆಟಲ್ ನುಡಿಸುತ್ತಾರೆ. ಇಬ್ಬರ ಸಂಗೀತಕ್ಕೂ ಅಜಗಜಾಂತರ. ಟ್ಯೂನಿಂಗ್ ಮಾತ್ರ ಒಂದೇ.

ಯಾವ ತಂತಿ ಎಷ್ಟು ಸರಿಯುತ್ತದೆ

6ನೇ ತಂತಿ: ಇ (82.4 ಹರ್ಟ್ಜ್) ಇದ್ದದ್ದು ಸಿ (65.4) ಆಗುತ್ತದೆ. ನಾಲ್ಕು ಫ್ರೆಟ್ ಕೆಳಗೆ.
5ನೇ ತಂತಿ: ಎ (110) ಇದ್ದದ್ದು ಜಿ (98). ಎರಡು ಫ್ರೆಟ್ ಕೆಳಗೆ.
4ನೇ ತಂತಿ: ಡಿ (146.8) ಇದ್ದದ್ದು ಸಿ (130.8). ಎರಡು ಫ್ರೆಟ್ ಕೆಳಗೆ.
3ನೇ ತಂತಿ: ಜಿ (196). ಇದ್ದ ಹಾಗೇ ಇರಲಿ.
2ನೇ ತಂತಿ: ಬಿ (246.9) ಇದ್ದದ್ದು ಸಿ (261.6). ಒಂದು ಫ್ರೆಟ್ ಮೇಲೆ.
1ನೇ ತಂತಿ: ಇ (329.6). ಇದ್ದ ಹಾಗೇ ಇರಲಿ.

ಆರೂ ತಂತಿಗಳನ್ನು ಒಟ್ಟಿಗೆ ಇಳಿಸುವ ಟ್ಯೂನಿಂಗ್‌ಗಳೂ ಇವೆ. ಅದರಲ್ಲಿ ಕೆಳಗೆ ಪಡೆದಷ್ಟನ್ನು ಮೇಲೆ ಕಳೆದುಕೊಳ್ಳುತ್ತೀರಿ. ಇಲ್ಲಿ ಹಾಗಲ್ಲ. ಮೇಲಿನ ಇ ಅಲ್ಲೇ ಇದೆ, ಕೆಳಗೆ ಮಾತ್ರ ಜಾಗ ಹೆಚ್ಚಾಗಿದೆ. ನನಗೆ ಈ ಟ್ಯೂನಿಂಗ್ ಇಷ್ಟವಾಗಲು ಇದೇ ಮೊದಲ ಕಾರಣ.

ಹೆಜ್ಜೆ 1: ತಂತಿ ಆರಿಸಿಕೊಳ್ಳಿ

ಇವತ್ತೇ ರುಚಿ ನೋಡಬೇಕು ಅಂದರೆ ಗಿಟಾರ್‌ನಲ್ಲಿ ಈಗಿರುವ ತಂತಿಗಳೇ ಸಾಕು. ಆದರೆ ಒಂದು ವಾರ ಇದರಲ್ಲೇ ನುಡಿಸುವ ಮನಸ್ಸಿದ್ದರೆ ತಂತಿ ಬದಲಾಯಿಸುವುದು ಒಳ್ಳೆಯದು. ಯಾಕೆ ಅಂದರೆ, ಶ್ರುತಿ ಇಳಿಯುವುದಕ್ಕಿಂತ ವೇಗವಾಗಿ ತಂತಿಯ ಬಿಗಿ ಇಳಿಯುತ್ತದೆ. ಕಂಪನದ ಸಂಖ್ಯೆ ಅರ್ಧವಾದರೆ ಬಿಗಿ ಕಾಲು ಭಾಗಕ್ಕೆ ಬರುತ್ತದೆ. ಇ-ಯಿಂದ ಸಿ-ಗೆ ಇಳಿಸಿದಾಗ ಆರನೇ ತಂತಿಯಲ್ಲಿ ಉಳಿಯುವುದು ಮೊದಲಿದ್ದ ಬಿಗಿಯ 63 ಶೇಕಡ ಮಾತ್ರ. ಐದನೇ ಮತ್ತು ನಾಲ್ಕನೇ ತಂತಿಯಲ್ಲಿ 79 ಶೇಕಡ. ಎರಡನೇ ತಂತಿ ಮಾತ್ರ ಉಲ್ಟಾ, 12 ಶೇಕಡ ಹೆಚ್ಚು ಬಿಗಿಯಾಗುತ್ತದೆ.

ಸಡಿಲವಾದ ತಂತಿ ಜೋರಾಗಿ ಮೀಟಿದರೆ ಫ್ರೆಟ್‌ಗೆ ಬಡಿಯುತ್ತದೆ. ಬೆರಳು ಸ್ವಲ್ಪ ಜಾಸ್ತಿ ಒತ್ತಿದರೂ ಶ್ರುತಿ ಮೇಲೆ ಹೋಗುತ್ತದೆ. ದಪ್ಪ ತಂತಿ ಹಾಕಿದರೆ ಎರಡೂ ತೊಂದರೆ ಕಡಿಮೆ.

ಅಕೂಸ್ಟಿಕ್‌ಗೆ ಸಾಮಾನ್ಯವಾಗಿ ಬಳಸುವ 12ರ ಲೈಟ್ ಸೆಟ್‌ನ ಗೇಜ್ (ತಂತಿಯ ದಪ್ಪ) ಹೀಗಿರುತ್ತದೆ: 12, 16, 24, 32, 42, 53. ಅಂದರೆ ಇಂಚಿನ ಸಾವಿರದ ಇಷ್ಟನೇ ಭಾಗ. ಓಪನ್ ಸಿ-ಗೆ ನಾನು ಬಳಸುವುದು 12, 15, 24, 35, 45, 58. ಮೊದಲನೆಯದೂ ಮೂರನೆಯದೂ ಬದಲಾಗಿಲ್ಲ, ಅವುಗಳ ಶ್ರುತಿಯೇ ಬದಲಾಗಿಲ್ಲವಲ್ಲ. ಎರಡನೆಯದನ್ನು 16ರ ಬದಲು 15 ಮಾಡಿದರೆ ಸಿ-ಯಲ್ಲಿ ಹಳೆಯ ಬಿಗಿಯೇ ಸಿಗುತ್ತದೆ. ಆರನೆಯದಕ್ಕೆ ಪೂರ್ತಿ ಹಳೆಯ ಬಿಗಿ ಬೇಕೆಂದರೆ ಲೆಕ್ಕದ ಪ್ರಕಾರ 67 ಬೇಕು. ಆದರೆ ಅಷ್ಟು ದಪ್ಪದ ತಂತಿಯ ಸದ್ದು ಮಂಕಾಗುತ್ತದೆ. 56ರಿಂದ 60ರೊಳಗೆ ಇರಲಿ.

ಎಲೆಕ್ಟ್ರಿಕ್‌ನಲ್ಲಿ 10ರ ಸೆಟ್ ಇದ್ದರೆ ಕೆಳಗಿನ 46ನ್ನು ತೆಗೆದು 52ರಿಂದ 56ರ ನಡುವಿನ ತಂತಿ ಹಾಕಿ. ನಟ್‌ನಿಂದ (ಗಿಟಾರ್ ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿ) ಬ್ರಿಡ್ಜ್‌ವರೆಗಿನ (ಒಡಲಿನ ಮೇಲೆ ತಂತಿಗಳು ಕೂರುವ ಜಾಗ) ಉದ್ದವನ್ನೂ ನೋಡಿಕೊಳ್ಳಿ. 25.5 ಇಂಚಿನ ಗಿಟಾರ್‌ಗೆ ಹೋಲಿಸಿದರೆ 24.75 ಇಂಚಿನದರಲ್ಲಿ ಅದೇ ತಂತಿ ಅದೇ ಶ್ರುತಿಗೆ ಸುಮಾರು 6 ಶೇಕಡ ಸಡಿಲ. ಅಂಥ ಗಿಟಾರ್‌ಗೆ ಒಂದು ಗೇಜ್ ಹೆಚ್ಚು ದಪ್ಪ ಇರಲಿ.

ಹೊಸ ತಂತಿ ಹಾಕಿದ ಮೇಲೆ ನಟ್‌ನ ಕಚ್ಚಿನಲ್ಲಿ ಅದು ತಳದವರೆಗೆ ಕೂತಿದೆಯಾ ನೋಡಿ. 53ಕ್ಕೆ ಕೊರೆದ ಕಚ್ಚಿನಲ್ಲಿ 60 ತೂರದೆ ಅಂಚಿನ ಮೇಲೆ ಸಿಕ್ಕಿಕೊಳ್ಳಬಹುದು. ಪೆಗ್ (ತಂತಿ ಬಿಗಿ ಮಾಡುವ ತಿರುಪು) ತಿರುಗಿಸುವಾಗ ಟಿಣ್ ಅಂತ ಸದ್ದು ಬಂದು ಶ್ರುತಿ ಒಮ್ಮೆಲೇ ಜಿಗಿದರೆ ಅದೇ ಗುರುತು. ಕಚ್ಚನ್ನು ಅಗಲ ಮಾಡಲು ನಟ್‌ಗೆಂದೇ ಇರುವ ಅರ ಬೇಕು. ಕೈ ಪಳಗಿಲ್ಲದಿದ್ದರೆ ಗಿಟಾರ್ ರಿಪೇರಿಯವರಿಗೆ ಕೊಡಿ. ಬರೀ ಉಜ್ಜಾಟದ ತೊಂದರೆಯಾದರೆ ಮೆತ್ತನೆ ಪೆನ್ಸಿಲ್‌ನ ಮೊನೆಯನ್ನು ಕಚ್ಚಿನಲ್ಲಿ ನಾಲ್ಕು ಸಲ ಎಳೆಯಿರಿ, ಸಾಕು.

ಹೆಜ್ಜೆ 2: ಮೊದಲು ಇಳಿಸಿ, ಆಮೇಲೆ ಏರಿಸಿ

ಮೊದಲ ಸಲ ನಾನು ಎರಡನೇ ತಂತಿಯಿಂದ ಶುರು ಮಾಡಿದ್ದೆ. ತಂತಿ ಹಳೆಯದು. ಬ್ರಿಡ್ಜ್ ಹತ್ತಿರ ಬಣ್ಣ ಕಪ್ಪಾಗಿತ್ತು. ಸಿ ಮುಟ್ಟುವ ಮೊದಲೇ ಪಟ್ ಅಂತ ತುಂಡಾಯಿತು, ತುದಿ ಮುಂಗೈಗೆ ಗೀರಿತು. ಅವತ್ತಿನಿಂದ ನನ್ನ ಕ್ರಮ ಬದಲಾಗಿದೆ. ದಪ್ಪ ತಂತಿಗಳನ್ನು ಮೊದಲು ಇಳಿಸುತ್ತೇನೆ, ಎರಡನೆಯದನ್ನು ಕೊನೆಗೆ ಏರಿಸುತ್ತೇನೆ, ಅದೂ ಮುಖ ಆಚೆ ತಿರುಗಿಸಿಕೊಂಡು. ತುಕ್ಕು ಹಿಡಿದಿದ್ದರೆ ಏರಿಸುವುದೇ ಇಲ್ಲ, ಬದಲಾಯಿಸುತ್ತೇನೆ.

ಟ್ಯೂನರ್ ಬಳಸುತ್ತಿದ್ದರೆ ಅದು ಹನ್ನೆರಡೂ ಸ್ವರ ತೋರಿಸುವ ಕ್ರೊಮ್ಯಾಟಿಕ್ ಮೋಡ್‌ನಲ್ಲಿರಲಿ. ಗಿಟಾರ್ ಮೋಡ್‌ನಲ್ಲಿಟ್ಟರೆ ಕೆಲವು ಟ್ಯೂನರ್‌ಗಳು ಮಾಮೂಲಿ ಆರು ಸ್ವರಗಳನ್ನು ಬಿಟ್ಟು ಬೇರೇನೂ ತೋರಿಸುವುದಿಲ್ಲ. ಆರನೇ ತಂತಿಯನ್ನು ಸಿ-ಗಿಂತ ಸ್ವಲ್ಪ ಕೆಳಗೇ ಇಳಿಸಿ, ಆಮೇಲೆ ಮೇಲಕ್ಕೆ ತನ್ನಿ. ಮೇಲಿಂದ ಇಳಿಸಿ ಅಲ್ಲೇ ನಿಲ್ಲಿಸಿದರೆ ಪೆಗ್‌ನಲ್ಲಿ ಸಡಿಲು ಉಳಿದು, ಎರಡು ನಿಮಿಷದಲ್ಲಿ ಶ್ರುತಿ ಇನ್ನಷ್ಟು ಜಾರುತ್ತದೆ.

ತಗ್ಗಿನ ಸಿ-ಯನ್ನು ಹಿಡಿಯಲು ಟ್ಯೂನರ್‌ಗೆ ಕಷ್ಟ. ಮುಳ್ಳು ಒಮ್ಮೆ ಸಿ, ಒಮ್ಮೆ ಜಿ ಅಂತ ಓಡಾಡುತ್ತದೆ. ಅದು ಟ್ಯೂನರ್‌ನ ತಪ್ಪಲ್ಲ, ಆ ತಂತಿಯೊಳಗೆ ಜಿ ಸ್ವರವೂ ಇದೆ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಸದ್ಯಕ್ಕೆ ಹನ್ನೆರಡನೇ ಫ್ರೆಟ್‌ನ ಮೇಲೆ ಹೆಬ್ಬೆರಳಿನಿಂದ ಮೆತ್ತಗೆ ಮೀಟಿ, ಮುಳ್ಳು ನಿಲ್ಲುತ್ತದೆ. ನುಡಿಸುವಾಗ ಎಷ್ಟು ಜೋರಾಗಿ ಮೀಟುತ್ತೀರೋ ಅದರ ಅಂದಾಜೂ ಇರಲಿ. ಸಡಿಲ ತಂತಿ ಜೋರಾಗಿ ಮೀಟಿದ ಕ್ಷಣ ಶ್ರುತಿಗಿಂತ ಮೇಲೆ ಹೋಗಿ, ಆಮೇಲೆ ಇಳಿದು ನಿಲ್ಲುತ್ತದೆ.

ಆರು ಆದಮೇಲೆ ಐದು, ನಾಲ್ಕು. ಇಷ್ಟರಲ್ಲಿ ಕತ್ತಿನ ಮೇಲಿನ ಎಳೆತ ಕಡಿಮೆಯಾಗಿ ಮೂರನೇ ಮತ್ತು ಒಂದನೇ ತಂತಿಗಳು ತಾವಾಗಿಯೇ ಸ್ವಲ್ಪ ಏರಿರುತ್ತವೆ. ಅವನ್ನು ಸರಿ ಮಾಡಿ, ಕೊನೆಗೆ ಎರಡನೆಯದನ್ನು ಏರಿಸಿ, ಮತ್ತೆ ಆರರಿಂದ ಇನ್ನೊಂದು ಸುತ್ತು ಬನ್ನಿ. ತೇಲುವ ಬ್ರಿಡ್ಜ್ ಇರುವ ಎಲೆಕ್ಟ್ರಿಕ್ ಆದರೆ ನಾಲ್ಕೈದು ಸುತ್ತು ಬೇಕು.

ಹೆಜ್ಜೆ 3: ಆರನೇ ತಂತಿಯಿಂದ ಉಳಿದ ತಂತಿಗಳನ್ನು ಶ್ರುತಿ ಮಾಡಿ

ಇದೇ ಈ ಬರಹದ ಹೃದಯ. ಟ್ಯೂನರ್ ಪಕ್ಕಕ್ಕಿಡಿ.

ಒಂದು ತಂತಿ ಮಿಡಿದಾಗ ಅದು ಇಡೀ ಉದ್ದದಲ್ಲಿ ಅಲುಗುತ್ತದೆ. ಜೊತೆಗೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗವಾಗಿಯೂ ಅಲುಗುತ್ತದೆ. ಪ್ರತಿ ಅಲುಗಾಟಕ್ಕೂ ಅದರದೇ ಸ್ವರ. ತಗ್ಗಿನ ಸಿ 65.4 ಹರ್ಟ್ಜ್ ಅಲ್ವಾ? ಅದರ ಎರಡರಷ್ಟು 130.8. ಅದು ನಾಲ್ಕನೇ ತಂತಿಯ ಸಿ. ಮೂರರಷ್ಟು 196. ಅದು ಮೂರನೇ ತಂತಿಯ ಜಿ. ನಾಲ್ಕರಷ್ಟು 261.6, ಎರಡನೇ ತಂತಿಯ ಸಿ. ಐದರಷ್ಟು 327, ಹೆಚ್ಚು ಕಡಿಮೆ ಒಂದನೇ ತಂತಿಯ ಇ. ಅಂದರೆ ಈ ಟ್ಯೂನಿಂಗ್‌ನ ನಾಲ್ಕು ತಂತಿಗಳು ಆರನೇ ತಂತಿಯೊಳಗಿನ ಸ್ವರಗಳೇ. ತಂಬೂರಿಯ ಷಡ್ಜ ಮೀಟಿದಾಗ ಯಾರೂ ನುಡಿಸದ ಗಾಂಧಾರ ತೇಲಿ ಬರುವುದನ್ನು ಕೇಳಿದ್ದರೆ, ಇದು ಅದೇ.

ಆ ಸ್ವರಗಳನ್ನು ಒಂದೊಂದಾಗಿ ಹೊರಗೆ ತೆಗೆಯಲು ಹಾರ್ಮೋನಿಕ್ ಬಳಸುತ್ತೇವೆ. ಎಡಗೈ ಬೆರಳನ್ನು ತಂತಿಯ ಮೇಲೆ ಸುಮ್ನೆ ತಾಗಿಸಿ, ಒತ್ತಬೇಡಿ. ಬಲಗೈಯಿಂದ ಬ್ರಿಡ್ಜ್ ಹತ್ತಿರ ಮೀಟಿ, ಕೂಡಲೇ ಎಡಗೈ ಎತ್ತಿ. ಗಂಟೆಯಂಥ ಸದ್ದು ಬರುತ್ತದೆ. ಬೆರಳು ಫ್ರೆಟ್ ಪಟ್ಟಿಯ ನೇರಕ್ಕೆ, ಅದರ ತಲೆಯ ಮೇಲೆ ಇರಬೇಕು, ಎರಡು ಪಟ್ಟಿಗಳ ನಡುವೆ ಅಲ್ಲ.

ಆರನೇ ತಂತಿಯ ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮೋನಿಕ್ ಮೀಟಿ. ಅದು ಮೊಳಗುತ್ತಿರುವಾಗಲೇ ನಾಲ್ಕನೇ ತಂತಿಯನ್ನು ಖಾಲಿ ಮೀಟಿ. ಎರಡೂ ಸ್ವಲ್ಪ ಬೇರೆ ಇದ್ದರೆ ಸದ್ದು ವ್ಹಾ-ವ್ಹಾ-ವ್ಹಾ ಅಂತ ಅಲೆಯುತ್ತದೆ. ನಾಲ್ಕನೇ ತಂತಿಯ ಪೆಗ್ಗನ್ನು ನಿಧಾನವಾಗಿ ತಿರುಗಿಸಿ. ಅಲೆ ನಿಧಾನವಾದರೆ ಸರಿಯಾದ ದಾರಿಯಲ್ಲಿದ್ದೀರಿ, ಚುರುಕಾದರೆ ಉಲ್ಟಾ ಹೋಗುತ್ತಿದ್ದೀರಿ. ಅಲೆ ಪೂರ್ತಿ ನಿಂತು ಎರಡು ತಂತಿಗಳ ಸದ್ದು ಒಂದೇ ಆದಾಗ ನಾಲ್ಕನೇ ತಂತಿ ಮುಗಿಯಿತು.

ಏಳನೇ ಫ್ರೆಟ್ ಮೇಲಿನ ಹಾರ್ಮೋನಿಕ್‌ಗೆ ಮೂರನೇ ತಂತಿಯನ್ನು ಇದೇ ರೀತಿ ಕೂಡಿಸಿ. ಐದನೇ ಫ್ರೆಟ್ ಮೇಲಿನದಕ್ಕೆ ಎರಡನೇ ತಂತಿಯನ್ನು ಕೂಡಿಸಿ.

ಐದನೇ ತಂತಿಯ ಲೆಕ್ಕ ಸ್ವಲ್ಪ ಬೇರೆ. ಅದರ ತಗ್ಗಿನ ಜಿ ಆರನೇ ತಂತಿಯ ಹಾರ್ಮೋನಿಕ್‌ಗಳ ಸಾಲಿನಲ್ಲಿ ಇಲ್ಲ. ಆದರೆ ಅದರ ಎರಡರಷ್ಟು ಇದೆ. ಹಾಗಾಗಿ ಐದನೇ ತಂತಿಯ ಹನ್ನೆರಡನೇ ಫ್ರೆಟ್ ಹಾರ್ಮೋನಿಕ್ಕನ್ನು ಆರನೇ ತಂತಿಯ ಏಳನೇ ಫ್ರೆಟ್ ಹಾರ್ಮೋನಿಕ್ ಜೊತೆ ಕೂಡಿಸಿ.

ಉಳಿದದ್ದು ಒಂದನೇ ತಂತಿ. ಇದಕ್ಕೆ ಬೇಕಾದ ಐದನೇ ಹಾರ್ಮೋನಿಕ್ ಆರನೇ ತಂತಿಯ ನಾಲ್ಕನೇ ಫ್ರೆಟ್ ಹತ್ತಿರ ಸಿಗುತ್ತದೆ, ಸರಿಯಾಗಿ ಪಟ್ಟಿಯ ಮೇಲಲ್ಲ. 25.5 ಇಂಚಿನ ಗಿಟಾರ್‌ನಲ್ಲಿ ಪಟ್ಟಿಯಿಂದ ಸುಮಾರು 4 ಮಿಲಿಮೀಟರ್ ನಟ್ ಕಡೆಗೆ. ಬೆರಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹುಡುಕಿ. ಮೊದಮೊದಲು ಮಂಕಾದ ಟಕ್ ಸದ್ದು ಬರುತ್ತದೆ, ಜಾಗ ಸಿಕ್ಕಾಗ ಒಮ್ಮೆಲೇ ತೆಳುವಾಗಿ, ಹೊಳಪಾಗಿ ಇ ಹೊರಡುತ್ತದೆ. ಅಲ್ಲಿ ಸಿಗದಿದ್ದರೆ ಒಂಬತ್ತನೇ ಫ್ರೆಟ್‌ನಿಂದ ಅಷ್ಟೇ ದೂರ ನಟ್ ಕಡೆಗೆ ಪ್ರಯತ್ನಿಸಿ, ಅಲ್ಲೂ ಅದೇ ಸ್ವರವಿದೆ.

ಈಗ ಒಂದು ಕುತೂಹಲದ ವಿಷಯ. ಟ್ಯೂನರ್ ಹೇಳುವ ಇ 329.6 ಹರ್ಟ್ಜ್. ತಗ್ಗಿನ ಸಿ-ಯ ಒಳಗಿರುವ ಇ 327. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಮೂರು ಅಲೆ ಕೇಳುತ್ತದೆ. ಫ್ರೆಟ್‌ಗಳನ್ನು ಕೂರಿಸುವಾಗ ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚುತ್ತಾರೆ. ಆ ಹಂಚಿಕೆಯಲ್ಲಿ ಗಾಂಧಾರ 14 ಸೆಂಟ್ ಮೇಲೆ ಹೋಗಿದೆ. ಒಂದು ಫ್ರೆಟ್ ಅಂದರೆ 100 ಸೆಂಟ್ ಅಂತ ಲೆಕ್ಕ.

ಒಂದನೇ ತಂತಿಯನ್ನು ಹಾರ್ಮೋನಿಕ್‌ಗೆ ಪೂರ್ತಿ ಕೂಡಿಸಿ ಆರೂ ತಂತಿ ಎಳೆದು ನೋಡಿ. ಕಾರ್ಡ್ ಅಲುಗಾಡದೆ ಬಂಡೆಯ ಹಾಗೆ ನಿಲ್ಲುತ್ತದೆ. ಅದನ್ನು ಕೇಳಿದ ಮೇಲೆ ಟ್ಯೂನರ್‌ನ ಇ ಚುಚ್ಚಿದ ಹಾಗೆ ಅನ್ನಿಸುತ್ತದೆ. ಆದರೆ ಹಾಗೆ ಕೂಡಿಸಿದರೆ ಒಂದನೇ ತಂತಿಯಲ್ಲಿ ಒತ್ತುವ ಉಳಿದ ಸ್ವರಗಳೆಲ್ಲ 14 ಸೆಂಟ್ ಕೆಳಗಿರುತ್ತವೆ. ಅದರ ಮೂರನೇ ಫ್ರೆಟ್‌ನ ಜಿ, ಮೂರನೇ ತಂತಿಯ ಜಿ ಜೊತೆ ಸೇರುವುದಿಲ್ಲ. ಖಾಲಿ ತಂತಿಗಳ ಮೊಳಗಿನ ಮೇಲೆ ನಿಧಾನವಾಗಿ ನುಡಿಸುವಾಗ ನಾನು ಪೂರ್ತಿ ಕೂಡಿಸುತ್ತೇನೆ. ಕಾರ್ಡ್ ಬದಲಾಗುತ್ತಾ ಹೋಗುವ ಹಾಡಾದರೆ ಟ್ಯೂನರ್ ಹೇಳುವುದಕ್ಕಿಂತ 5 ಸೆಂಟ್ ಮಾತ್ರ ಕೆಳಗಿಡುತ್ತೇನೆ. ನಿಮ್ಮ ಕಿವಿಗೆ ಎಲ್ಲಿ ಹಿತವೋ ಅಲ್ಲಿ ನಿಲ್ಲಿಸಿ.

ಹೆಜ್ಜೆ 4: ಏನೂ ಒತ್ತದೆ ಹತ್ತು ನಿಮಿಷ

ಕಾರ್ಡ್ ಹುಡುಕುವ ಆತುರ ಬೇಡ. ಆರನೇ ತಂತಿ ಮೀಟಿ, ಅದು ಪೂರ್ತಿ ಸಾಯುವವರೆಗೆ ಕೇಳಿ. ಆಮೇಲೆ ಅದನ್ನೇ ಮೀಟಿ ಕೂಡಲೇ ಅಂಗೈ ಅಂಚಿನಿಂದ ಆ ಒಂದು ತಂತಿಯನ್ನು ಮಾತ್ರ ನಿಲ್ಲಿಸಿ. ಮೇಲಿನ ತಂತಿಗಳು ಯಾರೂ ಮುಟ್ಟದೆಯೇ ಮೆಲ್ಲಗೆ ಗುನುಗುತ್ತಿರುತ್ತವೆ. ಚೆನ್ನಾಗಿ ಶ್ರುತಿ ಸೇರಿದ್ದರೆ ಗುನುಗು ಜಾಸ್ತಿ, ಸೇರದಿದ್ದರೆ ಕಡಿಮೆ. ಶ್ರುತಿ ಪರೀಕ್ಷೆಗೆ ನನಗೆ ಇದಕ್ಕಿಂತ ನಂಬಿಕೆಯ ದಾರಿ ಗೊತ್ತಿಲ್ಲ.

ಹೆಜ್ಜೆ 5: ಸ್ವರಗಳ ಜಾಗ

ಆರು, ನಾಲ್ಕು, ಎರಡು, ಈ ಮೂರೂ ತಂತಿಗಳು ಸಿ. ಒಂದರಲ್ಲಿ ಕಲಿತರೆ ಮೂರರಲ್ಲೂ ಕಲಿತ ಹಾಗೆ. ಸಿ ಮೇಜರ್‌ನ ಸ್ವರಗಳು ಇಲ್ಲಿ 0, 2, 4, 5, 7, 9, 11, 12ನೇ ಫ್ರೆಟ್‌ಗಳಲ್ಲಿ ಸಿಗುತ್ತವೆ. ಐದು ಮತ್ತು ಮೂರನೇ ತಂತಿ ಎರಡೂ ಜಿ. ಅಲ್ಲಿ 0, 2, 4, 5, 7, 9, 10, 12. ಒಂದನೆಯದು ಮಾಮೂಲಿ ಇ, ನಿಮಗೆ ಗೊತ್ತಿರುವುದೇ. ಅಲ್ಲಿ 0, 1, 3, 5, 7, 8, 10, 12.

ನಾಲ್ಕನೇ ತಂತಿಯಲ್ಲಿ ಒಂದು ರಾಗ ನುಡಿಸಿ, ಅದೇ ಫ್ರೆಟ್‌ನಲ್ಲಿ ಎರಡನೇ ತಂತಿಯನ್ನೂ ಸೇರಿಸಿ ನೋಡಿ. ಒಂದು ಸ್ಥಾಯಿ ಅಂತರದಲ್ಲಿ ಇಬ್ಬರು ಒಟ್ಟಿಗೆ ಹಾಡಿದ ಹಾಗಿರುತ್ತದೆ.

ಹೆಜ್ಜೆ 6: ಕಾರ್ಡ್‌ಗಳು

ಅಂಕಿಗಳು ಆರನೇ ತಂತಿಯಿಂದ ಒಂದನೇ ತಂತಿಯ ಕಡೆಗೆ. 0 ಅಂದರೆ ಖಾಲಿ ತಂತಿ, × ಅಂದರೆ ಆ ತಂತಿ ಬೇಡ.

ಸಿ: 0 0 0 0 0 0
ಎ ಮೈನರ್: × 2 0 2 0 0
ಎಫ್, ಕೆಳಗೆ ಸಿ: 0 2 0 2 0 1
ಜಿ, ಮೂರನೇ ಸ್ವರವಿಲ್ಲದೆ: × 0 2 0 2 3
ಜಿ, ಕೆಳಗೆ ಬಿ: × 4 2 0 2 3
ಸಿ ಮೈನರ್: 0 0 0 0 3 3

ಎ ಮೈನರ್‌ಗೆ ನಡುಬೆರಳು ಐದನೇ ತಂತಿಯಲ್ಲಿ, ಉಂಗುರ ಬೆರಳು ಮೂರನೇ ತಂತಿಯಲ್ಲಿ. ತೋರುಬೆರಳು ಖಾಲಿ ಇದೆ. ಅದನ್ನು ಒಂದನೇ ತಂತಿಯ ಒಂದನೇ ಫ್ರೆಟ್ ಮೇಲೆ ಇಟ್ಟರೆ ಎಫ್ ಆಯಿತು. ಮಾಮೂಲಿ ಟ್ಯೂನಿಂಗ್‌ನಲ್ಲಿ ಎಫ್‌ಗಾಗಿ ಬಾರ್ ಹಾಕಿ (ಒಂದೇ ಬೆರಳಿಂದ ಎಲ್ಲ ತಂತಿ ಒತ್ತಿ) ಕೈ ನೋಯಿಸಿಕೊಂಡವರಿಗೆ ಇದು ದೊಡ್ಡ ಸಮಾಧಾನ. ಮೇಜರ್ ಕಾರ್ಡ್ ಬೇಕೆಂದರೆ ಒಂದು ಬೆರಳನ್ನು ಅಡ್ಡ ಮಲಗಿಸಿದರೂ ಸಾಕು. ಐದನೇ ಫ್ರೆಟ್‌ನಲ್ಲಿ ಎಫ್, ಏಳನೆಯದರಲ್ಲಿ ಜಿ. ತಂತಿಯ ಮೇಲೆ ಜಾರಿಸುವ ಗಾಜಿನ ಸ್ಲೈಡ್ ಇದ್ದವರಿಗೂ ಇದೇ ದಾರಿ.

ಮೈನರ್ ಕಾರ್ಡ್ ಈ ಟ್ಯೂನಿಂಗ್‌ನ ದುರ್ಬಲ ಜಾಗ. ಗಾಂಧಾರ ಒಂದನೇ ತಂತಿಯಲ್ಲಿ ಖಾಲಿಯಾಗಿಯೇ ಮೊಳಗುತ್ತದೆ, ಅದನ್ನು ಒಂದು ಫ್ರೆಟ್ ಇಳಿಸಲು ಆಗುವುದಿಲ್ಲವಲ್ಲ. ಮೇಲೆ ಕೊಟ್ಟ ಸಿ ಮೈನರ್ ಆಕಾರ ಇದಕ್ಕೆ ಉಪಾಯ. ಎರಡನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಕೋಮಲ ಗಾಂಧಾರ ತೆಗೆದುಕೊಂಡು, ಒಂದನೇ ತಂತಿಯಲ್ಲಿ ಪಂಚಮಕ್ಕೆ ಹೋಗುತ್ತೇವೆ. ಈ ಆಕಾರವನ್ನು ಹಾಗೇ ಮೇಲೆ ಒಯ್ಯಬಹುದು. 2 2 2 2 5 5 ಡಿ ಮೈನರ್, 4 4 4 4 7 7 ಇ ಮೈನರ್. ಬೆರಳು ಚೆನ್ನಾಗಿ ಹಿಗ್ಗಬೇಕು, ಒಂದೆರಡು ವಾರ ಹಿಡಿಯುತ್ತದೆ.

ಇನ್ನೊಂದು ಪ್ರಯೋಗ ಮಾಡಿ, ಅದು ತಗ್ಗಿನ ಸ್ವರಗಳ ಸ್ವಭಾವವನ್ನು ಒಂದೇ ಸಲಕ್ಕೆ ಹೇಳಿಕೊಡುತ್ತದೆ. ಆರನೇ ತಂತಿಯ ನಾಲ್ಕನೇ ಫ್ರೆಟ್ ಒತ್ತಿ, ಖಾಲಿ ಐದನೇ ತಂತಿ ಜೊತೆ ಮೀಟಿ. ಇ ಮತ್ತು ಜಿ. ಸದ್ದು ಕೆಸರು ಕಲಕಿದ ಹಾಗಿದೆ. ಈಗ ಎರಡನೇ ತಂತಿಯ ನಾಲ್ಕನೇ ಫ್ರೆಟ್, ಒಂದನೇ ತಂತಿಯ ಮೂರನೇ ಫ್ರೆಟ್. ಅದೇ ಇ, ಅದೇ ಜಿ, ಎರಡು ಸ್ಥಾಯಿ ಮೇಲೆ. ತಿಳಿಯಾಗಿದೆ. ಕೆಳಗೆ ಎರಡೂ ಸ್ವರಗಳ ನಡುವೆ ಬರೀ 16 ಹರ್ಟ್ಜ್ ಅಂತರ, ಮೇಲೆ 62. ತಗ್ಗಿನ ಸ್ವರಗಳು ತೀರಾ ಹತ್ತಿರ ಬಂದರೆ ಒಂದಕ್ಕೊಂದು ಉಜ್ಜುತ್ತವೆ. ಓಪನ್ ಸಿ-ಯಲ್ಲಿ ಕೆಳಗೆ ಸ, ಪ, ಸ ದೂರ ದೂರ ಇದ್ದು, ಗಾಂಧಾರ ತುತ್ತತುದಿಯಲ್ಲಿ ಮಾತ್ರ ಇರುವುದು ಇದಕ್ಕೇ ಚೆನ್ನಾಗಿ ಹೊಂದುತ್ತದೆ. ನೀವು ಹೊಸ ಕಾರ್ಡ್ ಕಟ್ಟುವಾಗಲೂ ಹೀಗೇ ಮಾಡಿ. ಕೆಳಗೆ ಅಗಲ, ಮೇಲೆ ಹತ್ತಿರ.

ಹೆಜ್ಜೆ 7: ಬಲಗೈಗೆ ಕೆಲಸ

ಹೆಬ್ಬೆರಳಿಗೆ ನಾಲ್ಕು ಎಣಿಕೆಯ ಒಂದು ಸುತ್ತು ಕೊಡಿ: ಆರು, ನಾಲ್ಕು, ಐದು, ನಾಲ್ಕು. ಸಿ ಮತ್ತು ಎಫ್ ಎರಡಕ್ಕೂ ಇದು ನಡೆಯುತ್ತದೆ. ಎ ಮೈನರ್ ಮತ್ತು ಜಿ ಬಂದಾಗ ಐದು, ನಾಲ್ಕು, ಐದು, ನಾಲ್ಕು. ಕಾರ್ಡ್‌ಗಳನ್ನು ಸಿ, ಎಫ್, ಎ ಮೈನರ್, ಜಿ ಈ ಕ್ರಮದಲ್ಲಿ, ಒಂದೊಂದಕ್ಕೆ ಎರಡು ಸುತ್ತಿನಂತೆ ನುಡಿಸಿ. ಹೆಬ್ಬೆರಳು ಗಡಿಯಾರದ ಹಾಗೆ ನಡೆಯುವವರೆಗೆ ಬೇರೆ ಬೆರಳು ಸೇರಿಸಬೇಡಿ.

ಎಫ್‌ನಿಂದ ಎ ಮೈನರ್‌ಗೆ, ಜಿ-ಗೆ ಹೋಗುವಾಗ ತಗ್ಗಿನ ಸಿ ಇನ್ನೂ ಮೊಳಗುತ್ತಿರುತ್ತದೆ. ಜಿ ಕೆಳಗೆ ಆ ಸಿ ಉಳಿದರೆ ಕಾರ್ಡ್ ಬದಲಾದದ್ದೇ ಗೊತ್ತಾಗುವುದಿಲ್ಲ. ಐದನೇ ತಂತಿ ಮೀಟುವ ಕ್ಷಣದಲ್ಲೇ ಹೆಬ್ಬೆರಳಿನ ಬೆನ್ನು ಆರನೇ ತಂತಿಗೆ ತಾಗಿ ಅದನ್ನು ನಿಲ್ಲಿಸಬೇಕು. ದಪ್ಪ ತಂತಿಯನ್ನು ಮೀಟುವುದು ಸುಲಭ, ಬೇಕಾದಲ್ಲಿ ನಿಲ್ಲಿಸುವುದೇ ವಿದ್ಯೆ. ನಾನು ಈ ಒಂದು ಚಲನೆಗೇ ದಿನಕ್ಕೆ ಐದು ನಿಮಿಷ ಇಡುತ್ತಿದ್ದೆ.

ಹೆಜ್ಜೆ 8: ಎರಡು ತಂತಿಗಳ ಮೇಲೆ ರಾಗ

ಎರಡನೇ ಮತ್ತು ಒಂದನೇ ತಂತಿಯನ್ನು ಜೋಡಿಯಾಗಿ ಒತ್ತುತ್ತಾ ಮೇಲೆ ಹೋಗಿ. ಮೊದಲ ಅಂಕಿ ಎರಡನೇ ತಂತಿಯದು:

0-0, 2-1, 4-3, 5-5, 7-7, 9-8, 11-10, 12-12

ಬೆರಳಿಗೆ ಬೇಕಾದ್ದು ಎರಡೇ ಆಕಾರ. ಎರಡೂ ಒಂದೇ ಫ್ರೆಟ್, ಇಲ್ಲವೇ ಒಂದನೇ ತಂತಿ ಒಂದು ಫ್ರೆಟ್ ಹಿಂದೆ. ಕೆಳಗೆ ಹೆಬ್ಬೆರಳು ಆರು, ನಾಲ್ಕು, ಐದು, ನಾಲ್ಕು ಅಂತ ನಡೆಯುತ್ತಲೇ ಇರಲಿ. ಈ ಎಂಟು ಜೋಡಿಗಳಲ್ಲಿ ಯಾವ ಕ್ರಮದಲ್ಲಿ ಓಡಾಡಿದರೂ ಒಂದು ಹಾಡು ಹುಟ್ಟುತ್ತದೆ. ನಾಲ್ಕೇ ಜೋಡಿ ಆರಿಸಿಕೊಂಡು, ಹಿಂದೆ ಮುಂದೆ ಮಾಡುತ್ತಾ, ಪ್ರತಿ ಸಲ 0-0ಕ್ಕೆ ವಾಪಸ್ ಬನ್ನಿ. ಮೇಲೆ ಎಷ್ಟೇ ದೂರ ಹೋದರೂ ಕೆಳಗಿನ ಸಿ ಕಾಯುತ್ತಿರುತ್ತದೆ. ಈ ಟ್ಯೂನಿಂಗ್ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲೇ.

ಎಲೆಕ್ಟ್ರಿಕ್ ನುಡಿಸುವವರಿಗೆ, ರೆಕಾರ್ಡ್ ಮಾಡುವವರಿಗೆ

ಡಿಸ್ಟಾರ್ಷನ್ ಹಾಕಿದಾಗ ಕೆಳಗಿನ ಮೂರು ತಂತಿ ಸಾಕು. ಒಂದು ಬೆರಳನ್ನು ಅಡ್ಡ ಇಟ್ಟರೆ ಪವರ್ ಕಾರ್ಡ್ (ಗಾಂಧಾರವಿಲ್ಲದ ಸ-ಪ ಕಾರ್ಡ್), ಅದೇ ಬೆರಳನ್ನು ಜಾರಿಸಿದರೆ ಮುಂದಿನದು. ಮೇಲಿನ ಗಾಂಧಾರವನ್ನು ಸೇರಿಸಿದರೆ ಒರಟಾಗುತ್ತದೆ, ಅದನ್ನು ಡಿಸ್ಟಾರ್ಷನ್ ಇಲ್ಲದ ಸದ್ದಿಗೆ ಇಟ್ಟುಕೊಳ್ಳಿ. ಆಂಪ್‌ನಲ್ಲಿ ಬಾಸ್ ಗುಂಡಿಯನ್ನು ಮಾಮೂಲಿಗಿಂತ ಕಡಿಮೆ ಮಾಡಿ. ಕೆಳಗಿನ ಸದ್ದು ಈಗ ತಂತಿಯಿಂದಲೇ ಬರುತ್ತಿದೆ.

ರೆಕಾರ್ಡ್ ಮಾಡುವಾಗ ಲೋ ಕಟ್ (ತಗ್ಗಿನ ಸದ್ದನ್ನು ಕಡಿಮೆ ಮಾಡುವ ಫಿಲ್ಟರ್) 80 ಹರ್ಟ್ಜ್‌ನಲ್ಲಿದ್ದರೆ 65.4ರ ಸಿ-ಯ ಬುಡವೇ ಕತ್ತರಿಸಿ ಹೋಗುತ್ತದೆ. ಅದನ್ನು 50ರ ಆಸುಪಾಸಿಗೆ ಇಳಿಸಿ, ಇಲ್ಲವೇ ತೆಗೆದುಬಿಡಿ. ಫೋನ್‌ನ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಅಷ್ಟು ತಗ್ಗಿನ ಸ್ವರ ಅದರಿಂದ ಹೊರಗೆ ಬರುವುದೇ ಇಲ್ಲ, ಮೇಲಿನ ಹಾರ್ಮೋನಿಕ್‌ಗಳನ್ನು ಕೇಳಿ ಕಿವಿ ಸಿ ಅಂತ ಊಹಿಸಿಕೊಳ್ಳುತ್ತದೆ. ಹೆಡ್‌ಫೋನ್ ಬಳಸಿ.

ತೊಂದರೆ ಬಂದರೆ

ತಂತಿ ಫ್ರೆಟ್‌ಗೆ ಬಡಿದು ಝರ್ ಅನ್ನುತ್ತಿದೆಯಾ? ಮೊದಲು ಮೀಟುವ ಜೋರು ಕಡಿಮೆ ಮಾಡಿ, ಮೀಟುವ ಜಾಗವನ್ನು ಬ್ರಿಡ್ಜ್ ಕಡೆಗೆ ಸರಿಸಿ. ಇದರಿಂದ ಹೋಗದಿದ್ದರೆ ಕತ್ತು ನೇರವಾಗಿರಬಹುದು. ಎಳೆತ ಕಡಿಮೆಯಾದಾಗ ಕತ್ತು ಹಿಂದಕ್ಕೆ ವಾಲುತ್ತದೆ. ಒಂದು ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಆರನೇ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ಇಣುಕಿ. ಪಟ್ಟಿಗೂ ತಂತಿಗೂ ನಡುವೆ 0.2ರಿಂದ 0.3 ಮಿಲಿಮೀಟರ್ ಸಂದು ಬೇಕು. ಸಂದೇ ಇಲ್ಲದಿದ್ದರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಸುತ್ತಿನ ಎಂಟನೇ ಒಂದು ಭಾಗ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಆಮೇಲೆ ನೋಡಿ. ಬಲ ಹಾಕಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ ಬಲ್ಲವರಿಗೆ ಕೊಡಿ.

ಖಾಲಿ ತಂತಿ ಸರಿ ಇದ್ದು, ಒತ್ತಿದ ಸ್ವರ ಮಾತ್ರ ಮೇಲೆ ಹೋಗುತ್ತಿದ್ದರೆ ಬೆರಳಿನ ಒತ್ತಡ ಮೊದಲ ಕಾರಣ. ಎಲೆಕ್ಟ್ರಿಕ್‌ನಲ್ಲಿ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್‌ಗೂ ಒತ್ತಿದ ಸ್ವರಕ್ಕೂ ಹೋಲಿಸಿ. ಒತ್ತಿದ್ದು ಮೇಲಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ, ನಟ್‌ನಿಂದ ದೂರಕ್ಕೆ ಸರಿಸಿ.

ಮಾಮೂಲಿ ಟ್ಯೂನಿಂಗ್‌ಗೆ ವಾಪಸ್

ಹಳೆಯ ತಂತಿಗಳಲ್ಲೇ ಪ್ರಯತ್ನಿಸಿದ್ದರೆ ಎರಡನೆಯದನ್ನು ಮೊದಲು ಬಿ-ಗೆ ಇಳಿಸಿ, ಆಮೇಲೆ ನಾಲ್ಕು, ಐದು, ಆರು ಈ ಕ್ರಮದಲ್ಲಿ ನಿಧಾನವಾಗಿ ಏರಿಸಿ. ದಪ್ಪ ತಂತಿ ಹಾಕಿದ್ದರೆ ಹಾಗೇ ಏರಿಸಬೇಡಿ. 60ರ ತಂತಿಯನ್ನು ಇ-ಗೆ ಎಳೆದರೆ 53ಕ್ಕಿಂತ ಸುಮಾರು 28 ಶೇಕಡ ಹೆಚ್ಚು ಬಿಗಿಯಾಗುತ್ತದೆ. ಅಕೂಸ್ಟಿಕ್‌ನ ಬ್ರಿಡ್ಜ್ ಅದನ್ನು ಹೊರಬೇಕು. ತಂತಿ ಬದಲಾಯಿಸಿಯೇ ಏರಿಸಿ.

ಬೇರೆ ಶ್ರುತಿಯಲ್ಲಿ ಹಾಡುವವರ ಜೊತೆ ನುಡಿಸಬೇಕಾದರೆ ಟ್ಯೂನಿಂಗ್ ಕೆಡಿಸುವ ಅಗತ್ಯವಿಲ್ಲ. ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಡಿ, ನಾಲ್ಕಕ್ಕೆ ಹಾಕಿದರೆ ಇ. ಕೇಪೋ ದಪ್ಪ ತಂತಿಯನ್ನು ಒತ್ತಿ ಸ್ವಲ್ಪ ಮೇಲೆ ತಳ್ಳುತ್ತದೆ. ಹಾಕಿದ ಮೇಲೆ ಆರನೇ ತಂತಿಯನ್ನು ಒಂದು ಚೂರು ಇಳಿಸಿ, ಕೇಪೋದಿಂದ ಹನ್ನೆರಡು ಫ್ರೆಟ್ ಮೇಲಿನ ಹಾರ್ಮೋನಿಕ್ ಮೀಟಿ, ನಾಲ್ಕನೇ ತಂತಿಗೆ ಇನ್ನೊಮ್ಮೆ ಕೂಡಿಸಿಕೊಳ್ಳಿ.